ಇಡಿಗಾಳು, ನುಚ್ಚು ಮತ್ತು ದಣಿದ ಮೊರ

ಆ ಬೇಸಿಗೆ ಕಾಳು ಹಾಲುಗಟ್ಟುವ ಹೊತ್ತಿಗೇ ಬಿಸಿಗಾಳಿ ಬೀಸಿತ್ತು. ರೈತ ಹೆಂಗಸು ಹುಲಿಗೆಮ್ಮ ಒಂದೇ ಗದ್ದೆಯಲ್ಲಿ ಎರಡು ತಳಿಯ ಭತ್ತ ಬೆಳೆದಿದ್ದಳು. ಯಾವುದನ್ನು ಬೀಜಕ್ಕೆ ಇಡಬೇಕೆಂದು ನೋಡಲು ಒಂದೊಂದು ಹಿಡಿ ಬೇರೆ ಬೇರೆಯಾಗಿ ಕುಟ್ಟಿ, ಮೊರದ ಎರಡು ಮೂಲೆಗೆ ಸುರಿದಳು. ಒಂದು ತಳಿಯ ಅಕ್ಕಿ ಇಡಿಯಾಗಿ, ಗಾಜಿನಂತೆ ಹೊಳೆಯುತ್ತಿತ್ತು. ಇನ್ನೊಂದು ಹೊಟ್ಟೆಯೊಳಗೆ ಸುಣ್ಣದಂಥ ಬಿಳುಪು ತುಂಬಿಕೊಂಡು ನುಚ್ಚಾಗಿತ್ತು.

"ಒಂದೇ ನೀರು, ಒಂದೇ ಬಿಸಿಲು," ಎಂದಿತು ಇಡಿಗಾಳು. "ನಾನು ತಾಳಿಕೊಂಡೆ. ನಿನಗೇನಾಗಿತ್ತು ಧಾಡಿ?"

"ನಾನೂ ತಾಳಿಕೊಂಡೆ. ಆದರೆ ಕಾಳು ಗಟ್ಟಿಯಾಗಲಿಲ್ಲ. ನಮ್ಮ ವಂಶಕ್ಕೇ ಬಿಸಿಲು ಆಗಿಬರುವುದಿಲ್ಲ," ಎಂದಿತು ನುಚ್ಚು.

"ಸೋಮಾರಿಗಳೆಲ್ಲ ತಮ್ಮ ತಪ್ಪನ್ನು ವಂಶದ ತಲೆಗೆ ಕಟ್ಟುತ್ತಾರೆ. ನನ್ನ ಗಟ್ಟಿತನ ನನ್ನ ಸ್ವಂತದ್ದು."

ಪ್ರತಿ ಸುಗ್ಗಿಯಲ್ಲೂ ಇದೇ ಮಾತು ಕೇಳಿ ಸವೆದಿದ್ದ ಮೊರ ನಿಟ್ಟುಸಿರು ಬಿಟ್ಟಿತು. "ಸ್ವಂತದ್ದೇ ಆದರೆ ನಿನ್ನ ಮಕ್ಕಳಿಗೂ ಒಂದಿಷ್ಟು ಕೊಡಪ್ಪ, ನೋಡೋಣ."

ಇಡಿಗಾಳು ತನ್ನ ತುದಿ ನೋಡಿಕೊಂಡಿತು. ಮೊಳಕೆಯೊಡೆಯಬೇಕಿದ್ದ ಕಣ್ಣು ಒನಕೆಯ ಪೆಟ್ಟಿಗೆ ಉದುರಿಹೋಗಿತ್ತು.

ಅಷ್ಟರಲ್ಲಿ ಹುಲಿಗೆಮ್ಮ ಮೊರದೊಳಗೆ ಬಗ್ಗಿ ನೋಡಿ, "ಬಿಸಿಲಿಗೆ ಇದಾ ಗಟ್ಟಿ. ಇದನ್ನ ಬೀಜಕ್ಕ ಇಡ್ತೀನಿ," ಎಂದಳು. ಅದೇ ತಳಿಯ ಕುಟ್ಟದ ಭತ್ತವನ್ನು, ಇಷ್ಟು ಹೊತ್ತೂ ಒಂದು ಮಾತನ್ನೂ ಆಡದೆ ಚೀಲದಲ್ಲಿ ಕೂತಿದ್ದ ಕಾಳುಗಳನ್ನು, ಬೀಜದ ಗಡಿಗೆಗೆ ತುಂಬಿದಳು.

"ನಾನಿಲ್ಲಿದ್ದೇನೆ!" ಎಂದು ಇಡಿಗಾಳು ಕೂಗಿತು.

ಹುಲಿಗೆಮ್ಮ ಮೊರವನ್ನೆತ್ತಿ, ಇಡಿಗಾಳನ್ನೂ ನುಚ್ಚನ್ನೂ ಒಟ್ಟಿಗೇ ಗಂಜಿಯ ಎಸರಿಗೆ ಸುರಿದಳು.