ಬಾಣಂತಿ ಕಾವಲು

ಒಂದಾನೊಂದು ಕಾಲದಲ್ಲಿ, ಹಕ್ಕಿಗೂ ಮನುಷ್ಯರಿಗೂ ಮಾತು ಒಂದೇ ಆಗಿದ್ದಾಗ, ಒಂದೂರಿತ್ತಂತೆ. ಊರಾಚೆ ಕಾವಲು. ಯಾರೊಬ್ಬರದೂ ಅಲ್ಲ, ಊರಿಗೆಲ್ಲ ಸೇರಿದ ಹುಲ್ಲಿನ ಬಯಲು. ಗಾಳಿ ಬಂದ್ರೆ ಹಾಲು ಉಕ್ಕಿದ ಹಾಗೆ ಅಲೆಯೋದಂತೆ. ಕಣ್ಣು ಮುಚ್ಕೋ ಮಗಾ, ಕಾಣ್ತದೆ.

ಅಲ್ಲಿ ದನ ಕಾಯೋ ಓಬಣ್ಣ. ಅವನ ಹೆಂಡ್ತಿ ಸಾಕವ್ವ ಹಿಂದಿನ ವರ್ಷ ಬಾಣಂತನದಲ್ಲೇ ತೀರ್ಕೊಂಡಿದ್ಲು. ಕೂಸೂ ಉಳೀಲಿಲ್ಲ. ಆಮೇಲೆ ಅವನಿಗೆ ಮಾತೇ ನಿಂತುಹೋಗಿತ್ತಂತೆ.

ಮಳೆಗೆ ಮುಂಚೆ ಕಾವಲಿಗೆ ಬೆಂಕಿ ಇಡೋದು ಆ ಊರ ರೂಢಿ, ಸುಟ್ಟ ನೆಲದಲ್ಲಿ ಚಿಗುರು ಚೆನ್ನಾಗಿ ಬರ್ತದೆ ಅಂತ. ಆ ವರ್ಷ ಪಂಜು ಹಿಡಿಯೋ ಸರದಿ ಓಬಣ್ಣಂದು. ಆ ವರ್ಷವೇ ಹಕ್ಕಿಗಳು ಬೇಗ ಮೊಟ್ಟೆ ಇಟ್ಟಿದ್ವಂತೆ.

ಪಂಜು ಹಿಡ್ಕೊಂಡು ಹೋದ. ಮೊದಲು ನೆಲಗುಬ್ಬಿ ಸಿಕ್ತು, ಅಣ್ಣಾ, ಹುಲ್ಲೊಳಗೆ ನನ್ನ ಮೊಟ್ಟೆ ಇದಾವೆ ಅಂತು. ಇವನು ಮಾತಾಡದೆ ಮುಂದೆ ಹೋದ. ಆಮೇಲೆ ಗೌಜಲಕ್ಕಿ ಸಿಕ್ತು, ನಾನೇನೋ ಹಾರಿಹೋದೇನು, ಮೊಟ್ಟೆಗೆ ರೆಕ್ಕೆ ಎಲ್ಲಿದೆ ಅಂತು. ತಲೆ ತಗ್ಗಿಸಿ ಇನ್ನೂ ಮುಂದೆ ಹೋದ. ಆಮೇಲೆ ಎರೆಬೂತ, ಸೊಂಟದೆತ್ತರದ ಹಕ್ಕಿ, ಇದ್ದಿದ್ದು ಒಂದೇ ಮೊಟ್ಟೆ. ಅದು ಏನೂ ಅನ್ಲಿಲ್ಲ, ಏಳಲೂ ಇಲ್ಲ, ಕಾವು ಕೂತಲ್ಲಿಂದಲೇ ಅವನ ಮುಖ ನೋಡ್ತು. ಸಾಕವ್ವ ಕೊನೆಗೆ ಹೀಗೇ ನೋಡಿದ್ಲು. ಓಬಣ್ಣ ಪಂಜನ್ನ ಮಣ್ಣಿಗೆ ಒತ್ತಿ ಆರಿಸಿದನಂತೆ.

ಆಮೇಲೆ ಬೇವಿನ ಸೊಪ್ಪು ತಂದು, ಹಗ್ಗಕ್ಕೆ ಸಿಕ್ಕಿಸಿ, ಬಾಣಂತಿ ಮನೆ ಬಾಗಿಲಿಗೆ ಕಟ್ಟೋ ಹಾಗೆ ಕಾವಲಿನ ದಾರಿಗೆ ಅಡ್ಡ ಕಟ್ಟಿದ.

ಊರೋರು ಬೇರೆ ಪಂಜು ಹಿಡ್ಕೊಂಡು ಬಂದ್ರು. ಗೌಡ ನಕ್ಕ. ಏನ್ಲಾ ಓಬ, ಬಯಲಿಗೆ ಸೊಪ್ಪು ಕಟ್ಟಿದೀಯ, ಹೆತ್ತಿದ್ದು ಯಾರ್ಲಾ, ನಿನ್ನ ಎಮ್ಮೇನಾ ಅಂದ.

ಒಳಗೆ ಬಾಣಂತೀರು ಅವ್ರೆ ಗೌಡ್ರೇ, ಬೆಂಕಿ ತರಬ್ಯಾಡಿ ಅಂದ ಓಬಣ್ಣ. ವರ್ಷದ ಮೇಲೆ ಬಂದ ಮಾತು.

ಗೌಡನ ಅವ್ವ ಕೋಲೂರ್ಕೊಂಡು ಬಂದು, ಹುಲ್ಲು ಸರಿಸಿ ಇಣುಕಿದ್ಲು. ಸೊಪ್ಪು ಕಟ್ಟಿದ ಮನೆಗೆ ಬೆಂಕಿ ಇಡ್ತಾರೇನೋ ಮೂಳ? ನಿನ್ನ ಹೆತ್ತಾಗ ನನ್ನ ಬಾಗಿಲಿಗೂ ಇದನ್ನೇ ಕಟ್ಟಿದ್ರು. ಈ ಸಲ ದನ ಹಳೇ ಹುಲ್ಲೇ ತಿನ್ಲಿ ಬಿಡು ಅಂದ್ಲು. ಗೌಡನೂ ಪಂಜನ್ನ ಮಣ್ಣಿಗೆ ಒತ್ತಿ ಆರಿಸಿದನಂತೆ.

ಆಮೇಲೆ ಮರಿ ಹಾರೋವರೆಗೂ ಆ ದಾರೀಲಿ ಎಲ್ರೂ ಮೆಲ್ಲಗೆ ನಡೆಯೋರಂತೆ, ಮೆಲ್ಲಗೆ ಮಾತಾಡೋರಂತೆ. ಒಂದು ಸಂಜೆ ಎರೆಬೂತ ತನ್ನ ಮರಿ ಕರ್ಕೊಂಡು ಓಬಣ್ಣನ ಹತ್ರ ಬಂದು ನಿಲ್ತು. ತನ್ನ ಕೂಸಿಗೆ ಇಡ್ಬೇಕು ಅಂದ್ಕೊಂಡಿದ್ದ ಹೆಸರನ್ನ ಅವನು ಅದಕ್ಕೆ ಇಟ್ಟನಂತೆ. ಏನು ಹೆಸರು ಅಂತೀಯಾ? ಮರಿ ಕಿವೀಲಿ ಮಾತ್ರ ಹೇಳಿದ್ದಂತೆ ಮಗಾ.

ಮರಿಗೆ ರೆಕ್ಕೆ ಬಲೀತು, ಹಾರಿ ಹೋಯ್ತು, ಕತೆ ಅಲ್ಲಿಗೆ ಮುಗೀತು.