ಹೋಗೋ ಗಾಡಿ, ಬರೋ ಗಾಡಿ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಮಾತ್ರ ಕೇಳಬೇಡಿ, ಬೋರ್ಡಿಗೆ ಬಣ್ಣ ಹೊಡೆಯುವವನು ಬರೀ 'ಸ್ವಾಗತ' ಅಂತ ಬರೆದು ಊರಿನ ಹೆಸರು ಮರೆತು ಹೋಗಿದ್ದ, ಅಂಥ ಊರಿನಲ್ಲಿ ಚೌಡರಾಜ ಅಂತ ಒಬ್ಬ ರಾಜ ಇದ್ದ. ಅವನಿಗೆ ಒಬ್ಬಳೇ ರಾಣಿ, ಒಬ್ಬಳೇ ಮಗಳು, ಒಂದೇ ಗೊರಕೆ.

ಗೊರಕೆ ಅಂದರೆ ಸಾಮಾನ್ಯ ಗೊರಕೆ ಅಂದುಕೊಂಡಿರಾ? ಮಧ್ಯಾಹ್ನ ಊಟ ಮಾಡಿ ರಾಜ ಮಲಗಿದರೆ ಸಾಕು, ಉಸಿರು ಎಳೆದಾಗ ಹೆಂಚೆಲ್ಲ ಕೆಳಗೆ ಬರುತ್ತಿತ್ತು, ಬಿಟ್ಟಾಗ ಮತ್ತೆ ಮೇಲೆ ಹೋಗಿ ಕೂರುತ್ತಿತ್ತು. ಅದೇ ಗಂಟಲು ಮಗಳು ಮಲ್ಲಾಜಿಗೂ ಬಂದಿತ್ತು. ಚಿಕ್ಕವಳಿದ್ದಾಗ ಅವಳು 'ಅಮ್ಮಾ' ಅಂತ ಕೂಗಿದರೆ ಪಕ್ಕದ ಊರಿನ ಹಸುಗಳೆಲ್ಲ 'ಏನೇ?' ಅನ್ನುತ್ತಿದ್ದವು.

ಈ ಮಲ್ಲಾಜಿಯನ್ನು ಗುಡ್ಡಗಳ ಆಚೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಈಗ ಅವಳು ತುಂಬಿದ ಬಸುರಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಅಲ್ಲವೇ? ಎಂಟನೇ ತಿಂಗಳಲ್ಲಿ ಕರೆತರುವ ಹಾಗಿಲ್ಲ. ಒಂಬತ್ತು ಬೀಳುತ್ತಿದ್ದ ಹಾಗೆ ಕರೆದುಕೊಂಡು ಬರಬೇಕು. ರಾಣಿ ಪುಟ್ಟಾಜಮ್ಮಣ್ಣಿಗೆ ಒಂದೇ ಹಟ.

"ನೋಡೀಂದ್ರೆ, ಮೊಮ್ಮಗು ಕಣ್ಣು ಬಿಟ್ಟಾಗ ಮೊದಲು ಕೇಳೋ ಮಾತು ನನ್ನದಾಗಿರಬೇಕು. ಆ ಬೀಗಿತ್ತೀದಲ್ಲ. ಆಕೆ ಮಾತಾಡಿದ್ರೆ ಹಾಲು ಒಡೆಯುತ್ತೆ."

"ಆಗಲಿ, ಆನೆ ತರಿಸ್ತೀನಿ," ಅಂದ ರಾಜ.

ಆದರೆ ಅರಮನೆಯ ಆನೆಗೆ ಅರವತ್ತು ತುಂಬಿ ನಿವೃತ್ತಿಯಾಗಿತ್ತು. ಕರೆಯಲು ಹೋದರೆ "ವಾಕಿಂಗ್ ಹೋಗಿದ್ದಾರೆ" ಅಂತ ಮನೆಯವರು ಹೇಳಿ ಕಳಿಸಿದರು.

"ಹಾಗಾದರೆ ಒಂದು ದೊಡ್ಡ ಕಾರು ತಗೊಳ್ಳೋಣ," ಅಂದ ರಾಜ. "ಮೂರು ಸಾಲು ಸೀಟಿಂದು. ಮಗಳು ಕಾಲು ಚಾಚಿಕೊಂಡು ಬರಬೇಕು."

"ನನಗೆ ಕಿಟಕಿ ಪಕ್ಕ," ಅಂತ ಅಡುಗೆಮನೆಯಿಂದ ಒಂದು ದನಿ ಬಂತು. ಅದು ಒರಳುಕಲ್ಲು. ರಾಣಿಯ ಜೊತೆ ಅವಳ ತವರಿನಿಂದ ಬಂದದ್ದು, ಹಾಗಾಗಿ ಹೆಣ್ಣಿನ ಕಡೆಯ ನೆಂಟರು. ಸುಮ್ಮನಿದ್ದಾಗ ಅದರದು ಪಿಸುಮಾತು. ಯಾರಾದರೂ ಕೂತು ಗುಂಡು ತಿರುಗಿಸಿದರೆ ಮಾತ್ರ ಗುಡುಗು.

ಸರಿ, ರಾಜ, ರಾಣಿ, ಮಂತ್ರಿ ಹಾಲಪ್ಪ, ನಾಲ್ಕು ಆಳುಗಳು ಹೊತ್ತ ಒರಳುಕಲ್ಲು, ಎಲ್ಲ ಸೇರಿ ಗಾಡಿ ಮಾದಪ್ಪಸೆಟ್ಟಿಯ ಅಂಗಡಿಗೆ ಹೋದರು. ಅಲ್ಲಿ ಎರಡೇ ಗಾಡಿ ನಿಂತಿದ್ದವು. ಒಂದು ಹೊಸದು, ಸೀಟಿನ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ. ಇನ್ನೊಂದು ಸೆಕೆಂಡ್ ಹ್ಯಾಂಡು, ಹಿಂದಿನ ಗಾಜಿನ ಮೇಲೆ ಯಾವುದೋ ಮದುವೆಯ ಗಂಡುಹೆಣ್ಣಿನ ಹೆಸರು ಅರ್ಧ ಅಳಿಸಿತ್ತು.

"ಹೊಸದಕ್ಕೆ ಏನು ಕೊಡಬೇಕಯ್ಯಾ?"

"ಅರಮನೆಯ ನೆರಳು ಕೊಡಿ ಬುದ್ದಿ, ಸಾಕು."

"ನೆರಳು ಕೊಟ್ಟುಬಿಟ್ಟರೆ ನನ್ನ ಉಪ್ಪಿನಕಾಯಿ ಜಾಡಿ ಎಲ್ಲಿಡ್ಲಿ?" ಅಂದಳು ರಾಣಿ. "ಹಳೇದಕ್ಕೆ?"

"ಮಹಾಸ್ವಾಮಿಗಳ ಮಧ್ಯಾಹ್ನದ ನಿದ್ದೆ."

ರಾಜ ಬೆವರಿದ. "ಸೆಟ್ಟರೇ, ಇದು ಜಾಸ್ತಿಯಾಯ್ತು. ಕೊನೇ ಮಾತು ಹೇಳಿ."

ರಾಣಿಯ ಕಣ್ಣು ಹೊಳೆಯಿತು. "ನಿದ್ದೆ ಕೊಡಲ್ಲ. ಬರೀ ಗೊರಕೆ ಕೊಡ್ತೀವಿ. ಈಗಲೇ ತಗೊಂಡು ಹೋಗಿ. ಕಟ್ಟಿ ಕೊಡಬೇಕಾ?"

"ಅಲ್ಲವೇ, ಅದು ನನ್ನ ತಾತನ ಕಾಲದ್ದು!"

"ನೀವು ಸುಮ್ಮನಿರಿ. ಮೂವತ್ತು ವರ್ಷದಿಂದ ಕೇಳಿದೋಳು ನಾನು."

ಸೆಟ್ಟಿ ಯೋಚಿಸಿದ. ಹಳೇ ಗಾಡಿಯ ಹಾರನ್ನು ಕೆಟ್ಟು ಎಷ್ಟೋ ದಿನವಾಗಿತ್ತು. "ಆಗಲಿ ತಾಯಿ," ಅಂದ.

ಆದರೆ ರಾಜನ ಮೂಗು ಒಪ್ಪಬೇಕಲ್ಲ! ಹೊಸ ಗಾಡಿಯ ಒಳಗೆ ಒಂದು ವಾಸನೆ ಇರುತ್ತದೆ ನೋಡಿ, ನಿಮಗೆಲ್ಲ ಗೊತ್ತು, ಆ ವಾಸನೆಗೆ ರಾಜ ಸೋತುಬಿಟ್ಟ. ಬೆಳಿಗ್ಗೆ ಎದ್ದು ಅಂಗಡಿಗೆ ಹೋಗುವುದು, ಬಾಗಿಲು ತೆಗೆಯುವುದು, ಮೂಗು ತೂರಿಸುವುದು, 'ಆಹಾ' ಅನ್ನುವುದು. ಮಾರನೆಯ ದಿನ ಮತ್ತೆ. ರಾಜ್ಯಭಾರ ಎಲ್ಲ ಆ ಬಾಗಿಲಿನಲ್ಲೇ ನಡೆಯಿತು. ಅತ್ತ ಎಂಟು ಮುಗಿದು ಒಂಬತ್ತು ಬಿತ್ತು.

"ವಾಸನೆ ನೋಡ್ತಾ ಕೂತಿರಿ. ಅಲ್ಲಿ ಮಗು ಹುಟ್ಟಿ, ಶಾಲೆಗೆ ಸೇರಿ, ಬೀಗಿತ್ತಿ ಹತ್ತಿರ ಪಾಠ ಹೇಳಿಸಿಕೊಳ್ಳಲಿ!" ಅಂತ ರಾಣಿ ರೇಗಿದಳು.

ಹಾಗಾದರೆ ಒಂದು ಸುತ್ತು ಓಡಿಸಿ ನೋಡಿ ತೀರ್ಮಾನಿಸೋಣ ಅಂತಾಯಿತು. ಮಂತ್ರಿ ಹಾಲಪ್ಪ ಹೊಸ ಗಾಡಿ ಹತ್ತಿದ. ಕೂತಾಗ ಪ್ಲಾಸ್ಟಿಕ್ಕು ಪರಪರ ಅಂತು. ಗಾಡಿ ಠೀವಿಯಿಂದ "ಹೋಗ್ತೀನಿ!" ಅಂತ ಹೇಳಿ ಹೊರಟಿತು.

ಹೋಯಿತು. ಕಾದರು. ಬರಲಿಲ್ಲ. ಕಾಫಿ ಕುಡಿದು ಕಾದರು. ಬರಲಿಲ್ಲ. ಸಂಜೆ ಮಂತ್ರಿಯ ಫೋನು ಬಂತು.

"ಮಹಾಪ್ರಭು, ಗಾಡಿ ಬೆಣ್ಣೆ. ಎಸಿ ತಂಪಾಗಿದೆ. ಆದರೆ ತಿರುಗ್ತಾ ಇಲ್ಲ. ಈಗ ಪಕ್ಕದ ರಾಜ್ಯದಲ್ಲಿದ್ದೀನಿ."

ಮರುದಿನ ಮತ್ತೆ ಫೋನು. "ಮಹಾಪ್ರಭು, ಪಕ್ಕದ ರಾಜ್ಯದ ಪಕ್ಕದ ರಾಜ್ಯ. ಸಮುದ್ರ ಬಂತು. ಗಾಡಿ ಅದನ್ನೂ ಲೆಕ್ಕಕ್ಕೆ ತಗೊಳ್ಳಲಿಲ್ಲ."

"ಏನಯ್ಯಾ ಸೆಟ್ಟಿ ಇದು?" ಅಂತ ರಾಜ ಗದರಿದ.

"ಗಾಡಿ ಹೋಗುತ್ತೆ ಅಂತ ನಾನು ಹೇಳಿದ್ದೆ ಬುದ್ದಿ. ಬರುತ್ತೆ ಅಂತ ಯಾವಾಗ ಹೇಳಿದೆ?"

ಆಗ ಹಳೇ ಗಾಡಿ ಕೆಮ್ಮಿತು. "ಪಾಪ, ಎಳೇದು, ಬಯ್ಯಬೇಡಿ. ಮನೇಲಿ ಹೇಳಿಕೊಟ್ಟೋರಿಲ್ಲ. ಹೊರಡುವಾಗ ಯಾರಾದರೂ 'ಹೋಗ್ತೀನಿ' ಅಂತಾರಾ? ಅಪಶಕುನ! 'ಬರ್ತೀನಿ' ಅನ್ನಬೇಕು."

"ನೋಡಿ, ಎಷ್ಟು ಸಂಸ್ಕಾರ!" ಅಂದಳು ರಾಣಿ. ಗಾಡಿ ಆಗಲೇ ಅರ್ಧ ಅವಳದಾಗಿತ್ತು. ಒರಳುಕಲ್ಲನ್ನು ಮೂರನೇ ಸಾಲಿನಲ್ಲಿ ಕೂರಿಸಿ ನೋಡಿದರು. ಮೊಣಕಾಲು ತಾಗುವುದಿಲ್ಲ ಅಂತ ಅದು ಒಪ್ಪಿಕೊಂಡಿತು. ಮೊಣಕಾಲೇ ಇಲ್ಲದವರಿಗೆ ತಾಗುವುದು ಹೇಗೆ, ಅಂತ ಯಾರೂ ಕೇಳಲಿಲ್ಲ.

ರಾಜ ಅಲ್ಲೇ ಮಲಗಿ ಗೊರಕೆ ಹೊಡೆದ. ಸೆಟ್ಟಿ ಅದನ್ನು ಹಾರನ್ನಿನೊಳಗೆ ಹಿಡಿದು ತಿರುಪು ಬಿಗಿದ. ವ್ಯಾಪಾರ ಮುಗಿಯಿತು. ಇಳಿಜಾರಿನಲ್ಲಿ ತಳ್ಳಿಕೊಂಡು ಗಾಡಿಯನ್ನು ಅರಮನೆ ಬಾಗಿಲಿಗೆ ತಂದರು, ಹೂವು ಹಾಕಿದರು, ಆರತಿ ಎತ್ತಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಎಲ್ಲರೂ ಹತ್ತಿ ಕೂತರು.

"ಸರಿ, ಬರ್ತೀನಿ ಹಾಗಾದ್ರೆ," ಅಂತು ಗಾಡಿ. ಕದಲಲಿಲ್ಲ.

"ಹೊರಡಪ್ಪ," ಅಂದ ರಾಜ.

"ಬರ್ತೀನಿ, ಬರ್ತೀನಿ. ಅಂದ ಹಾಗೆ, ಈ ಗೇಟು ಯಾವ ಮರದ್ದು? ತೇಗವಾ? ನನ್ನ ಮೊದಲನೇ ಯಜಮಾನರ ಮನೇಲೂ ಇಂಥದ್ದೇ ಇತ್ತು. ಅವರ ತಂಗಿ ಮದುವೆಯಲ್ಲಿ ಏನಾಯ್ತು ಗೊತ್ತಾ..."

ನಿಮ್ಮ ಮನೆಗೂ ಇಂಥವರು ಬರುತ್ತಾರಲ್ಲ? 'ಬರ್ತೀನಿ' ಅಂತ ಎದ್ದು ನಿಲ್ಲುತ್ತಾರೆ, ಬಾಗಿಲಲ್ಲಿ ಒಂದು ಗಂಟೆ, ಗೇಟಿನಲ್ಲಿ ಇನ್ನೊಂದು ಗಂಟೆ. ಹಾಗೆ. "ಏನ್ರೀ, ಇನ್ನೂ ಎಷ್ಟು ಹೊತ್ತು?" ಅಂತ ಚಕ್ರದ ಕೆಳಗಿನ ನಿಂಬೆಹಣ್ಣು ಕೇಳಿತು. ಕಾದು ಕಾದು ಅದರಲ್ಲಿ ಮೊಳಕೆ ಬಂತು.

"ಯಾಕಯ್ಯಾ ಹೋಗ್ತಿಲ್ಲ?" ಅಂತ ರಾಜ ಕೊನೆಗೆ ಕಿರುಚಿದ.

"ಹೋಗೋದೆಲ್ಲ ಹಿಂದಿನ ಯಜಮಾನರ ಕಾಲದಲ್ಲೇ ಮುಗಿಸಿಬಿಟ್ಟೆ ಸ್ವಾಮಿ. ಈಗ ನನ್ನಲ್ಲಿ ಉಳಿದಿರೋದು ಬರೋದು ಮಾತ್ರ."

ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಹೋಗುತ್ತೆ, ಬರಲ್ಲ. ಇನ್ನೊಂದು ಬರುತ್ತೆ, ಹೋಗಲ್ಲ. ಅಲ್ಲಿ ಮಗಳು ಕಿಟಕಿಯಲ್ಲಿ ನಿಂತು ದಾರಿ ನೋಡುತ್ತಿರುತ್ತಾಳೆ. ಗೊರಕೆಯೂ ಹೋಯಿತು.

ಆಗ ಮೂರನೇ ಸಾಲಿನಿಂದ ಪಿಸುಮಾತು ಕೇಳಿಸಿತು. "ಪುಟ್ಟಾಜಿ, ಅಳಬೇಡ್ವೇ. ನಾವು ಇಲ್ಲಿಂದ ಹೋದರೆ, ಮಲ್ಲಾಜಿ ಏನಂತಾಳೆ? 'ನಮ್ಮಮ್ಮ ಬಂದರು' ಅಂತಾಳೆ. 'ನಮ್ಮಮ್ಮ ಹೋದರು' ಅಂತಾಳಾ?"

"ಇಲ್ಲ."

"ಅಲ್ಲಿಂದ ನೋಡಿದರೆ ನಮ್ಮ ಹೋಗೋದು ಬರೋದೇ ತಾನೆ? ಅವಳು ಕರೆದರೆ ಗಾಡಿ ಅಲ್ಲಿಗೆ ಬರುತ್ತೆ. ಇಲ್ಲಿ ಯಾರಾದರೂ ಕರೆದರೆ ಇಲ್ಲಿಗೆ ಬರುತ್ತೆ. ಹೋಗೋ ಮಾತೇ ಇಲ್ಲ."

ನಾನು ಬಿ.ಎ.ನಲ್ಲಿ ತರ್ಕಶಾಸ್ತ್ರ ಓದಿದವನು. ಇದರಲ್ಲಿ ತಪ್ಪು ಹುಡುಕಿ ನೋಡಿದೆ, ಸಿಗಲಿಲ್ಲ.

ರಾಜ ತಕ್ಷಣ ಕೆಳಗಿಳಿದು ಮಗಳಿಗೆ ಫೋನು ಮಾಡಿದ, ಸ್ಪೀಕರು ಹಾಕಿದ. "ಮಗಳೇ, 'ಬನ್ನಿ' ಅನ್ನು!"

"ಬನ್ನಿ ಅಪ್ಪಾಜಿ!" ಅಂತು ಫೋನು.

ಗಾಡಿ ನಿಂಬೆಹಣ್ಣನ್ನು ದಾಟಿ ಚಂಗನೆ ಹಾರಿ ಬಂತು. ಎಲ್ಲಿಗೆ? ದನಿ ಬಂದ ಕಡೆಗೆ! ದನಿ ಬಂದದ್ದು ರಾಜನ ಕೈಯಿಂದ. ರಾಜ ಓಡಿದ. ಗಾಡಿ ಹಿಂದೆ ಬಂತು. ತುಳಸಿಕಟ್ಟೆ ಸುತ್ತಿದ, ಬಂತು. ಕೋಟೆ ಸುತ್ತಿದ, ಬಂತು. ಕಿರೀಟ ಬಿತ್ತು. ಅದು ರಾಜನಿಗಿಂತ ಮುಂದೆ ಉರುಳಿ ಓಡಿತು.

"ಬನ್ನಿ ಅಪ್ಪಾಜಿ, ಯಾಕೆ ಏದುಸಿರು ಬಿಡ್ತಿದ್ದೀರಿ? ಬನ್ನಿ!"

"ಫೋನು ಕಟ್ ಮಾಡ್ರೀ!" ಅಂತ ರಾಣಿ ಕಿಟಕಿಯಿಂದ ಕೂಗಿದಳು. ರಾಜ ಕಟ್ ಮಾಡಿದ. ಬಂಪರು ಅವನ ಪಂಚೆಯ ಅಂಚಿಗೆ ತಾಗಿ ನಿಂತಿತು.

"ಡಬ್ಬಿಯಿಂದ ಕರೆದರೆ ಡಬ್ಬಿಗೇ ಬರೋದು," ಅಂತು ಒರಳುಕಲ್ಲು. "ಬಾಯಿಂದ ಕರೆಯಬೇಕು."

ಬಾಯಿ ಮಲ್ಲಾಜಿಗೆ ಇತ್ತಲ್ಲ! ವಿಷಯ ತಿಳಿಸಿದ್ದೇ ತಡ, ಅವಳು ಗಂಡನ ಮನೆಯ ತಾರಸಿ ಹತ್ತಿದಳು. ಅತ್ತೆ "ಹತ್ತಬೇಡ" ಅಂದರು. "ಕಿವಿ ಮುಚ್ಚಿಕೊಳ್ಳಿ ಅತ್ತೆ," ಅಂತ ಹೇಳಿ ಅಪ್ಪನ ಗಂಟಲಿನಲ್ಲಿ ಒಂದು ಸಲ ಕೂಗಿದಳು.

"ಬನ್ನೀಈಈ!"

ಗುಡ್ಡಗಳು ಬಾಗಿ ದಾರಿ ಬಿಟ್ಟವು. ಆದರೆ ಕೂಗು ಇಲ್ಲಿಗೆ ಮುಟ್ಟಲು ಇನ್ನೂ ಹೊತ್ತಿತ್ತು, ಹೊರಡುವ ಮುಂಚೆ ಇಲ್ಲಿಂದ ಕರೆಯುವವರು ಒಬ್ಬರು ಉಳಿಯಬೇಕಲ್ಲ? ಒರಳುಕಲ್ಲು ಒಂದು ಗಳಿಗೆ ಕಿಟಕಿಯ ಆಚೆ ನೋಡಿತು. "ನನ್ನ ಇಳಿಸಿ," ಅಂತು. "ನಾನು ಹೊಸ್ತಿಲಲ್ಲಿ ಕೂತಿರ್ತೀನಿ. ನೀವು ಕೂಸಿನ ತಾಯೀನ ಹುಷಾರಾಗಿ ಕರ್ಕೊಂಡು ಬನ್ನಿ."

ಇಳಿಸಿದರು. ಅದರ ಜಾಗ ಖಾಲಿಯಾಯಿತು ಅಂತ ಅಡುಗೆಯವರು ಹತ್ತಿದರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಅಂತ ಕಾವಲಿನವರು ಹತ್ತಿದರು. "ಸ್ವಲ್ಪ ಅಡ್ಜಸ್ಟ್," ಅಂತ ಸೇನಾಪತಿ ಹತ್ತಿದ, ಸೇನೆ ಹತ್ತಿತು. ಅಡ್ಜಸ್ಟ್ ಅಂದಾಗಲೆಲ್ಲ ಹಳೇ ಸೀಟು ಒಂದು ಗೇಣು ಅಗಲವಾಗುತ್ತಿತ್ತು. ಅಭ್ಯಾಸ! ಊರೆಲ್ಲ ಹತ್ತಿತು. ಅಷ್ಟರಲ್ಲಿ ಮಲ್ಲಾಜಿಯ ಕೂಗು ಬಂದು ಮುಟ್ಟಿತು. ಈ ಸಲ ಚಕ್ರಕ್ಕೆ ಸಿಕ್ಕ ನಿಂಬೆಹಣ್ಣು "ಅಬ್ಬಾ, ಅಂತೂ!" ಅಂತ ಪಚಕ್ಕಂತು. ಗಾಡಿ ಬಂತು. ಮಗಳ ಬಾಗಿಲಿಗೆ ಬಂದು ಹಾರನ್ನು ಹೊಡೆಯಿತು.

ಗೊರ್ರ್ರ್ರ್!

"ನಮ್ಮಪ್ಪ ಬಂದರು!" ಅಂತ ಮಲ್ಲಾಜಿ ಅತ್ತೂ ನಕ್ಕೂ ಓಡಿಬಂದಳು. ಬೀಗಿತ್ತಿ ಕೊಟ್ಟ ಬಾಗಿನ ಮಡಿಲಲ್ಲಿ ಇಟ್ಟುಕೊಂಡು ನಡುಸಾಲಿನಲ್ಲಿ ಕಾಲು ಚಾಚಿದಳು.

ಈಗ ತವರಿನಿಂದ ಕರೆ ಬರಬೇಕು. ಒರಳುಕಲ್ಲು ಹೊಸ್ತಿಲಲ್ಲಿ ಕೂತು ಕರೆಯುತ್ತಲೇ ಇತ್ತು. ಆದರೆ ಅದು ಪಿಸುಮಾತು. ಗುಂಡು ತಿರುಗಿಸಲು ಊರಿನಲ್ಲಿ ಒಬ್ಬರಾದರೂ ಇರಬೇಕಲ್ಲ? ಎಲ್ಲರೂ ಅಡ್ಜಸ್ಟ್ ಮಾಡಿಕೊಂಡು ಗಾಡಿಯಲ್ಲಿ ಕೂತಿದ್ದರು!

"ಬರ್ತೀನಿ, ಬರ್ತೀನಿ," ಅನ್ನುತ್ತ ಗಾಡಿ ನಿಂತೇ ಇತ್ತು. ಮಲ್ಲಾಜಿ ತುಟಿ ಕಚ್ಚಿದಳು. "ಅಮ್ಮಾ, ನೋವು ಶುರುವಾಯ್ತು."

"ತಡೆಯೋ ಕಂದಾ, ಇಲ್ಲಿ ಬೇಡ್ವೋ," ಅಂತ ರಾಣಿ ಮಗಳ ಹೊಟ್ಟೆಗೆ ಕೈಮುಗಿದಳು. ಬೀಗಿತ್ತಿ ಆಗಲೇ ಬಾಯಿ ತೆರೆದುಕೊಂಡು ಗಾಡಿಯ ಹತ್ತಿರ ಬರುತ್ತಿದ್ದಳು.

ಅದೇ ಹೊತ್ತಿಗೆ ಹೊಸ ಗಾಡಿ ಏನು ಮಾಡುತ್ತಿತ್ತು? ಹೋಗುತ್ತಿತ್ತು. ಹೋಗಿ, ಹೋಗಿ, ಹೋಗಿ, ಭೂಮಿ ದುಂಡಗಿದೆ ನೋಡಿ, ಅರಮನೆಯ ಹಿತ್ತಲಿಗೇ ಹೋಯಿತು! "ನಾನು ವಾಪಸ್ಸು ಬಂದಿಲ್ಲ," ಅಂತ ಅದು ಖಡಾಖಂಡಿತವಾಗಿ ಹೇಳಿತು. "ಹೋಗ್ತಾ ಇದ್ದೆ, ದಾರಿಗೆ ಅರಮನೆ ಅಡ್ಡ ಬಂತು." ಮಂತ್ರಿ ಹಾಲಪ್ಪ ಬಾಗಿಲು ತೆಗೆದು ಹಾರಿದ. ಪ್ಲಾಸ್ಟಿಕ್ಕು ಅಂಟಿಕೊಂಡು ಜೊತೆಗೇ ಬಂತು. ಹೊಸ ಗಾಡಿ ಹಾಗೇ ಹೋಯಿತು.

"ಮಂತ್ರಿಗಳೇ," ಅಂತು ಹೊಸ್ತಿಲಿನ ಪಿಸುಮಾತು, "ರಾಜ್ಯಭಾರ ಆಮೇಲೆ. ಬಂದು ಗುಂಡು ತಿರುಗಿಸಿ!"

ಮಂತ್ರಿ ಚಕ್ಕಳಮಕ್ಕಳ ಹಾಕಿ ಕೂತು ತಿರುಗಿಸಿದ ನೋಡಿ! ಗುಡುಗುಡುಗುಡು! "ಬಾರೇ ಮಲ್ಲಾಜಿ, ಮನೆಗೆ ಬಾ! ಬಾ! ಬಾ!"

ಬೀಗಿತ್ತಿಯ ಬಾಯಿಂದ ಮಾತು ಹೊರಡುವ ಮುಂಚೆ ಗಾಡಿ ಅಲ್ಲಿರಲಿಲ್ಲ. ಒಂದೇ ಉಸಿರಿಗೆ ಬಂದು ಅರಮನೆಯ ಹೊಸ್ತಿಲಿಗೆ ಮೂಗು ತಾಗಿಸಿ ನಿಂತಿತು. ಮಗಳನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ಕಣ್ಣು ಬಿಟ್ಟಿತು. ರಾಣಿ ಎಷ್ಟೋ ದಿನದಿಂದ ಕಾದಿಟ್ಟುಕೊಂಡಿದ್ದ ಮಾತು ಬಾಗಿ ಅದರ ಕಿವಿಯಲ್ಲಿ ಹೇಳಿದಳು.

"ಬಂದ್ಯಾ, ನನ್ನ ಕಂದಾ?"

"ಬಂದೇ!" ಅಂತು ಹೊರಗಿನಿಂದ ಗಾಡಿ. ಬಾಗಿಲ ಚೌಕಟ್ಟು ಸಮೇತ ಬಾಣಂತಿ ಕೋಣೆಯೊಳಗೇ ಬಂತು.

ಇವತ್ತಿಗೂ ಅಲ್ಲೇ ಇದೆ, ತೊಟ್ಟಿಲ ಪಕ್ಕ. ಮಗು ರಚ್ಚೆ ಹಿಡಿದರೆ ಗಾಡಿ ಮೆಲ್ಲಗೆ ಹಾರನ್ನು ಹೊಡೆಯುತ್ತದೆ. ತಾತನ ಗೊರಕೆ ಕೇಳಿ ಮಗು ಮಲಗುತ್ತದೆ. ಹಿಂದಿನ ಗಾಜಿನ ಕಡೆ, ಕಿಟಕಿ ಪಕ್ಕ, ಒರಳುಕಲ್ಲು ಕೂತು ಹೊರಗೆ ನೋಡುತ್ತಿರುತ್ತದೆ.

ಈ ಕತೆಯ ನೀತಿ ಏನಪ್ಪಾ ಅಂದರೆ, ಗಾಡಿ ಕೊಳ್ಳುವಾಗ ಮೈಲೇಜು ಎಷ್ಟು, ಮಾಡೆಲ್ಲು ಯಾವುದು ಅಂತ ಕೇಳಬೇಡಿ. ಯಾವ ಕ್ರಿಯಾಪದ ಬರುತ್ತೆ ಅಂತ ಕೇಳಿ. ಆಮೇಲೆ ಮನೆಯಲ್ಲಿ ಕರೆಯೋಕೆ ಒಬ್ಬರನ್ನ ಬಿಟ್ಟು ಹೊರಡಿ. ಅವರು ಅಲ್ಲಿ ಗಾಡಿ ಇಟ್ಟುಕೊಂಡು ಮನೆಯಲ್ಲಿದ್ದಾರೆ. ನಾವು ಇಲ್ಲಿ ಕತೆ ಇಟ್ಟುಕೊಂಡು ಕಟ್ಟೆ ಮೇಲಿದ್ದೀವಿ.

ಹೊತ್ತಾಯ್ತು. ಸರಿ, ನಾನು ಬರ್ತೀನಿ ಹಾಗಾದ್ರೆ. ಬರ್ತೀನಿ, ಬರ್ತೀನಿ.

ಅಂದ ಹಾಗೆ, ನಿಮ್ಮ ಮನೆ ಗೇಟು ಯಾವ ಮರದ್ದು?