ಮ್ಯಾಲಿನ ಬಯಲು

ಹೊಳೆದಂಡೆಯ ಮಠದಲ್ಲಿ ಅಡವಯ್ಯನವರು ಪದಕೋಶ ಕಟ್ಟುತ್ತಿದ್ದರು. ಅದಕ್ಕೊಂದು ಕಟ್ಟಳೆ ಇತ್ತು. ಪ್ರತಿ ಪದದ ಕೆಳಗೆ ಅದನ್ನು ಆಡಿದವರ ಹೆಸರಿರಬೇಕು, ಆಡುವಾಗ ಏನು ಮಾಡುತ್ತಿದ್ದರು ಎಂಬುದೂ ಇರಬೇಕು. ಇಲ್ಲದಿದ್ದರೆ ಎಂಥ ಘನವಾದ ಪದವಾದರೂ ಓಲೆಗರಿಯ ಹೊರಗೇ.

ಎಂಟು ವರ್ಷದಿಂದ ಗರಿ ಕೊರೆಯುತ್ತಿದ್ದವನು ಶಿಷ್ಯ ಕೆಂಚಪ್ಪ, ಕುರಿಗಾರರ ಮಗ. ಆ ದಿನ ಅವನ ಪಾಲಿಗೆ ಆಕಾಶಕ್ಕಿರುವ ಪದಗಳು ಬಂದಿದ್ದವು.

ಸಂಜೆಗೆ ಗರಿಯನ್ನು ಗುರುಗಳ ಮುಂದಿಟ್ಟ.

“‘ವ್ಯೋಮ’ ಅಂತ ಯಾರಂದ್ರು?”

“ಹಳೇ ಗ್ರಂಥದಾಗಿತ್ತು, ಅಪ್ಪಾರ.”

“ಗ್ರಂಥ ಕತ್ತೆತ್ತಿ ಮ್ಯಾಲೆ ನೋಡ್ತದೇನು?”

ವ್ಯೋಮ ಹೋಯಿತು. ಅದರ ಹಿಂದೆಯೇ ಅಂಬರ ಹೋಯಿತು, ನಭವೂ ಹೋಯಿತು. ಹಸಿ ಗಡಿಗೆ ಒಣಗಲಿಟ್ಟು ಕುಂಬಾರರ ಗಂಗವ್ವ ಅಂದಿದ್ದ ‘ಮುಗಿಲು’ ಉಳಿಯಿತು.

ಕೊನೆಯಲ್ಲಿ ‘ಮ್ಯಾಲಿನ ಬಯಲು’ ಎಂದಿತ್ತು. ಅದರ ಕೆಳಗೆ, ‘ಆಡಿದವರು, ಒಬ್ಬ ಕುರಿಗಾರ ಹೆಂಗಸು.’

“ಆಕಿಗೆ ಹೆಸರಿಲ್ಲೇನು?”

ಕೆಂಚಪ್ಪ ಹೊಳೆಯ ಕಡೆ ನೋಡಿದ.

“ಐತಿ. ದುರಗವ್ವ. ನಮ್ಮವ್ವ.”

“ಅವ್ವನ ಹೆಸರು ಬರಿಯಾಕ ನಾಚಿಕೇನು?”

“ಜಗಳಾಡಿ ಬಂದೀನಿ, ಅಪ್ಪಾರ. ಮಠಕ್ಕ ಹೋಗಬ್ಯಾಡ ಅಂದ್ಲು. ನಿನ್ನ ಮಾತು ಯಾವ ಪುಸ್ತಕದಾಗೂ ಇಲ್ಲ, ಕುರಿ ಕಾಯಾಕಷ್ಟ ಲಾಯಕ್ಕು ಅಂದುಬಿಟ್ಟೆ.”

ಅದು ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಹೊಳೆಯಾಚೆ ಕುರಿಹಿಂಡು ಕಂಡಾಗಲೆಲ್ಲ ಅವನು ಬರೆಯುವ ಕಂಟ ಕೆಳಗಿಟ್ಟು ನಿಂತುಬಿಡುತ್ತಿದ್ದ, ಹಿಂಡಿನ ಹಿಂದೆ ಅವ್ವ ಇದ್ದಾಳೇನೋ ಎಂದು. ಅವಳನ್ನು ನೋಡಬೇಕೆಂಬ ಹಂಬಲ ಒಂದು ದಿನವೂ ಬಿಟ್ಟಿರಲಿಲ್ಲ. ಹೋಗಲು ಮಾತ್ರ ಮುಖವಿರಲಿಲ್ಲ.

“ಈ ಮಾತು ಯಾವಾಗ ಅಂತಿದ್ಲು?”

“ಹೊತ್ತು ಮುಳುಗುವಾಗ. ನಾ ಮರಿಗಳ ಹಿಂದ ಓಡಿ ದೂರ ಹೋಗಿರ್ತಿದ್ದೆ. ಹಟ್ಟಿ ಮುಂದ ನಿಂತು ಕೂಗತಿದ್ಲು. ‘ಮ್ಯಾಲಿನ ಬಯಲು ಕೆಂಪಾತು, ಬಾರೋ ತಮ್ಮಾ’ ಅಂತ.”

“ಈಗ ಎಲ್ಲಿದ್ದಾಳ?”

“ಹೊಳಿ ಆಚೆ, ಎರಡು ದಿನದ ಹಾದಿ. ಕಂಬಳಿ ಮಾರಾಕ ಬಂದವ ಹೇಳಿದ, ಹಟ್ಟಿ ಅಲ್ಲೇ ಬೀಡು ಬಿಟ್ಟೈತಂತ.”

“ಈಗೂ ಹಂಗ ಕೂಗತಾಳೇನು?”

“ಯಾರನ್ನ ಕರೀಬೇಕು, ಅಪ್ಪಾರ? ಅಲ್ಲಿ ನಾನಿಲ್ಲ.”

ಗುರುಗಳು ಗರಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ‘ಒಬ್ಬ ಕುರಿಗಾರ ಹೆಂಗಸು’ ಎಂಬುದನ್ನು ಕೆರೆದು ಹಾಕಿ ಕಂಟವನ್ನು ಅವನ ಕೈಗೆ ಕೊಟ್ಟರು.

ಕೆಂಚಪ್ಪ ‘ದುರಗವ್ವ’ ಎಂದು ಕೊರೆದ. ಅದರ ಕೆಳಗೆ ‘ಹೊತ್ತು ಮುಳುಗುವಾಗ ಮಗನನ್ನು ಕರೆಯುತ್ತ’ ಎಂದೂ ಕೊರೆದ. ಮೇಲೆ ಮಸಿ ತಿಕ್ಕಿದಾಗ ಅವ್ವನ ಹೆಸರು ಕಪ್ಪಗೆ ಎದ್ದು ಕಂಡಿತು.

ಆ ಗರಿಯನ್ನು ಗುರುಗಳು ಕೋಶದ ಓಲೆಗಳ ಕಟ್ಟಿನಲ್ಲಿ ಸೇರಿಸಲಿಲ್ಲ. ತಮ್ಮ ಹೆಗಲ ವಸ್ತ್ರದಲ್ಲಿ ಸುತ್ತಿ ಅವನ ಮಡಿಲಲ್ಲಿಟ್ಟರು.

“ಕೋಶ ಇನ್ನ ಅರ್ಧಾನೂ ಆಗಿಲ್ಲ, ಅಪ್ಪಾರ. ನಾ ಹ್ಯಾಂಗ ಹೋಗಲಿ?”

ಅಡವಯ್ಯನವರು ಎದ್ದು ಬಾಗಿಲಿಗೆ ಬಂದರು. ಹೊಳೆಯಾಚೆ ಹೊತ್ತು ಮುಳುಗುತ್ತಿತ್ತು. ದಂಡೆಯಲ್ಲಿ ಅಂಬಿಗ ಆ ದಿನದ ಕೊನೆಯ ಸಲ ದಾಟಲು ಜನರನ್ನು ಕಾಯುತ್ತಿದ್ದ.

ಗುರುಗಳು ಮೇಲೆ ನೋಡುತ್ತ ಅಂದರು:

“ಮ್ಯಾಲಿನ ಬಯಲು ಕೆಂಪಾತು, ಹೋಗೋ ತಮ್ಮಾ.”